ಲ್ಯಾಪ್‌ಟಾಪ್‌ನಲ್ಲಿ ಭೂಮಿಯ ಬೋ ಶಾಕ್: ಒಂದು ಹೈಬ್ರಿಡ್ ಕೋಡ್ ಕಟ್ಟಿದ ಲಾಗ್

ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 90,000 ಕಿಲೋಮೀಟರ್ ಹೋದರೆ ಬೋ ಶಾಕ್ ಸಿಗುತ್ತದೆ. ಸೂರ್ಯನಿಂದ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ ಬರುವ ಕಣಗಳ ಹರಿವು, ಅಂದರೆ ಸೌರ ಮಾರುತ, ಅಲ್ಲಿ ಥಟ್ಟನೆ ನಿಧಾನವಾಗುತ್ತದೆ, ಬಿಸಿಯಾಗುತ್ತದೆ, ದಟ್ಟವಾಗುತ್ತದೆ, ಆಮೇಲೆ ಭೂಮಿಯ ಕಾಂತಕ್ಷೇತ್ರದ ಸುತ್ತ ಹಾದು ಮುಂದೆ ಹೋಗುತ್ತದೆ. ಸೂಪರ್‌ಸಾನಿಕ್ ವಿಮಾನದ ಮುಂದೆ ಏಳುವ ಶಾಕ್‌ನಲ್ಲಿ ಈ ಕೆಲಸ ಮಾಡುವುದು ಗಾಳಿಯ ಅಣುಗಳ ಡಿಕ್ಕಿ. ಇಲ್ಲಿ ಡಿಕ್ಕಿಯೇ ಇಲ್ಲ. ಒಂದು ಘನ ಸೆಂಟಿಮೀಟರಿನಲ್ಲಿ ಐದೇ ಐದು ಪ್ರೋಟಾನ್ ಇರುವ ಜಾಗ ಅದು. ಒಂದು ಪ್ರೋಟಾನ್ ಇನ್ನೊಂದಕ್ಕೆ ಸರಿಯಾಗಿ ಡಿಕ್ಕಿ ಹೊಡೆಯಬೇಕಾದರೆ ಹೆಚ್ಚುಕಡಿಮೆ ಸೂರ್ಯನಿಂದ ಭೂಮಿಗೆ ಇರುವಷ್ಟು ದೂರ ಓಡಬೇಕು. ಆದರೂ ಶಾಕ್ ಇದೆ, ಅದೂ ಕೆಲವು ನೂರು ಕಿಲೋಮೀಟರ್ ದಪ್ಪದ್ದು. ಹಾಗಾದರೆ ಕಣಗಳನ್ನು ತಡೆಯುತ್ತಿರುವುದು ಯಾವುದು? ಪುಸ್ತಕದಲ್ಲಿ ಉತ್ತರ ಓದಿದ್ದೆ. ಆದರೆ ಒಂದೊಂದೇ ಕಣ ಬಂದು, ತಿರುಗಿ, ಮತ್ತೆ ಒಳಗೆ ಹೋಗುವುದನ್ನು ನನ್ನದೇ ಕೋಡ್‌ನಲ್ಲಿ ನೋಡಬೇಕು ಅನ್ನುವ ಆಸೆ ಇತ್ತು. ಅದಕ್ಕೇ ಇದನ್ನು ಕಟ್ಟಿದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಸೌರ ಮಾರುತ ಇರಲೇಬೇಕು ಎಂದು ಯೂಜೀನ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದ್ದು 1958ರಲ್ಲಿ. ಅದರ ಎದುರು ಭೂಮಿಯ ಮುಂದೆ ಶಾಕ್ ನಿಲ್ಲಬೇಕು ಎಂದು ವಿಜ್ಞಾನಿಗಳಾದ ಇಯಾನ್ ಆಕ್ಸ್‌ಫರ್ಡ್ ಮತ್ತು ಪಾಲ್ ಕೆಲಾಗ್ ಬೇರೆ ಬೇರೆಯಾಗಿ ಹೇಳಿದ್ದು 1962ರಲ್ಲಿ. 1963ರ ನವೆಂಬರ್‌ನಲ್ಲಿ ಹಾರಿದ ಐಎಂಪಿ-1 ನೌಕೆಯಲ್ಲಿದ್ದ ನಾರ್ಮನ್ ನೆಸ್ ಅವರ ಮ್ಯಾಗ್ನೆಟೋಮೀಟರ್ ಅದನ್ನು ಅಳೆದು ತೋರಿಸಿತು. 1977ರಲ್ಲಿ ಐಎಸ್‌ಇಇ-1, ಐಎಸ್‌ಇಇ-2 ನೌಕೆಗಳು ಜೋಡಿಯಾಗಿ ಹೋದವು. ಶಾಕ್‌ಗೆ ತಾಗಿ ವಾಪಸ್ ಸೂರ್ಯನ ಕಡೆ ತಿರುಗುವ ಅಯಾನ್‌ಗಳ ಚಿತ್ರ ಸ್ಪಷ್ಟವಾಗಿದ್ದು ಅವುಗಳಿಂದ. ನನಗೆ ಬೇಕಾಗಿದ್ದು ಆ ವಾಪಸಾಗುವ ಅಯಾನ್‌ಗಳೇ.

ಯಾವ ಬಗೆಯ ಕೋಡ್

ಮೂರು ದಾರಿ ಇದ್ದವು. ಎಂಎಚ್‌ಡಿ ಅಂದರೆ ಪ್ಲಾಸ್ಮಾವನ್ನು, ಅಂದರೆ ಚಾರ್ಜ್ ಇರುವ ಕಣಗಳ ಅನಿಲವನ್ನು, ದ್ರವದ ಹಾಗೆ ನೋಡುವುದು. ಅದರಲ್ಲಿ ಶಾಕ್ ಎಲ್ಲಿ ನಿಲ್ಲುತ್ತದೆ, ಸಾಂದ್ರತೆ ಎಷ್ಟು ಪಟ್ಟು ಏರುತ್ತದೆ ಅನ್ನುವುದು ಸಿಗುತ್ತದೆ. ಆದರೆ ವಾಪಸಾಗುವ ಕಣ ಅನ್ನುವ ವಸ್ತುವೇ ಅದರಲ್ಲಿಲ್ಲ. ಒಂದು ಜಾಗದಲ್ಲಿ ಒಂದೇ ವೇಗ, ಅಷ್ಟೇ. ಇನ್ನೊಂದು ತುದಿಯಲ್ಲಿ ಪೂರ್ತಿ ಪಿಐಸಿ (ಪಾರ್ಟಿಕಲ್-ಇನ್-ಸೆಲ್) ಇದೆ, ಎಲೆಕ್ಟ್ರಾನ್‌ಗಳೂ ಕಣ, ಪ್ರೋಟಾನ್‌ಗಳೂ ಕಣ. ಅದಕ್ಕೆ ಗ್ರಿಡ್‌ನ ಒಂದು ಸೆಲ್ ಸೌರ ಮಾರುತದ ಡಿಬೈ ಉದ್ದದಷ್ಟು (ಒಂದು ಚಾರ್ಜ್‌ನ ಪ್ರಭಾವವನ್ನು ಸುತ್ತಲಿನ ಕಣಗಳು ಮರೆಮಾಡುವ ದೂರ), ಅಂದರೆ ಸುಮಾರು 10 ಮೀಟರ್ ಇರಬೇಕು. ನನಗೆ ಬೇಕಾದ ಡಬ್ಬ 20,000 ಕಿಲೋಮೀಟರ್ ಉದ್ದ. ಒಂದೇ ಆಯಾಮದಲ್ಲಿ ಮಾಡಿದರೂ 20 ಲಕ್ಷ ಸೆಲ್ ಆಯಿತು. ಜೊತೆಗೆ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುವುದನ್ನು ಹಿಡಿಯುವಷ್ಟು ಸಣ್ಣ ಟೈಮ್‌ಸ್ಟೆಪ್ ಬೇರೆ ಬೇಕು. ಲ್ಯಾಪ್‌ಟಾಪ್‌ನ ಕೆಲಸ ಅಲ್ಲ ಅದು.

ಮಧ್ಯದ ದಾರಿ ಹೈಬ್ರಿಡ್. ಅಯಾನ್‌ಗಳು ಕಣಗಳಾಗಿಯೇ ಇರುತ್ತವೆ. ಎಲೆಕ್ಟ್ರಾನ್‌ಗಳನ್ನು ತೂಕವಿಲ್ಲದ ದ್ರವ ಎಂದು ಇಟ್ಟುಕೊಳ್ಳುತ್ತೇವೆ. ಅಯಾನ್ ಎಷ್ಟಿವೆಯೋ ಎಲೆಕ್ಟ್ರಾನ್ ಅಷ್ಟೇ ಇವೆ ಎಂದು ಒಪ್ಪಿಕೊಂಡರೆ ವಿದ್ಯುತ್ ಕ್ಷೇತ್ರವನ್ನು ನೇರವಾಗಿ ಸೂತ್ರದಿಂದ ಬರೆಯಬಹುದು. ಇದಕ್ಕೆ ಬೆಲೆಯೂ ಇದೆ. ಶಾಕ್‌ನ ಅತಿ ಕಡಿದಾದ ಭಾಗ, ರ‍್ಯಾಂಪ್ ಅನ್ನುತ್ತಾರಲ್ಲ, ಅದರ ದಪ್ಪವನ್ನು ಈ ಕೋಡ್ ಹೇಳಿದರೆ ನಾನು ನಂಬುವುದಿಲ್ಲ. ಅಲ್ಲಿ ಎಲೆಕ್ಟ್ರಾನ್‌ಗಳ ಕಾರುಬಾರು ಜಾಸ್ತಿ. ಹೈಬ್ರಿಡ್‌ನಲ್ಲಿ ಆ ದಪ್ಪವನ್ನು ಹೆಚ್ಚಾಗಿ ನಿರ್ಧರಿಸುವುದು ಗ್ರಿಡ್ ಮತ್ತು ನಾವು ಕೈಯಾರೆ ಹಾಕುವ ರೆಸಿಸ್ಟಿವಿಟಿ. ಅಯಾನ್‌ಗಳ ಅಳತೆಯಲ್ಲಿ ನಡೆಯುವುದನ್ನು ಮಾತ್ರ ಇದರಿಂದ ಕೇಳಬೇಕು.

ಭಾಷೆ ಪೈಥಾನ್, ಲೂಪ್‌ಗಳನ್ನು ವೇಗವಾಗಿ ಓಡಿಸಲು ನಂಬಾ ಅನ್ನುವ ಲೈಬ್ರರಿ. ಒಂದು ಆಯಾಮದ ಗ್ರಿಡ್, ಆದರೆ ವೇಗಕ್ಕೆ ಮೂರೂ ದಿಕ್ಕು.

ಅಳತೆಗಳನ್ನು ಕಿಲೋಮೀಟರ್, ಸೆಕೆಂಡಿನಲ್ಲಿ ಇಡಲಿಲ್ಲ. ಕಾಂತಕ್ಷೇತ್ರ 5 ನ್ಯಾನೋಟೆಸ್ಲಾ, ಸಾಂದ್ರತೆ ಘನ ಸೆಂಟಿಮೀಟರಿಗೆ 5 ಎಂದು ಇಟ್ಟರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ. ಉದ್ದದ ಅಳತೆ ಅಯಾನ್ ಇನರ್ಶಿಯಲ್ ಲೆಂತ್, ಸುಮಾರು 100 ಕಿಲೋಮೀಟರ್; ಮುಂದೆ ದೂರಕ್ಕೆ ಇಷ್ಟು ‘ಅಳತೆ’ ಅಂದರೆ ಇದೇ. ವೇಗದ ಅಳತೆ ಆಲ್ಫ್‌ವೆನ್ ವೇಗ, ಅಂದರೆ ಪ್ಲಾಸ್ಮಾದಲ್ಲಿ ಕಾಂತ ಅಲೆಗಳು ಓಡುವ ವೇಗ, ಸೆಕೆಂಡಿಗೆ ಸುಮಾರು 49 ಕಿಲೋಮೀಟರ್. ಪ್ರೋಟಾನ್ ಕಾಂತಕ್ಷೇತ್ರದ ಸುತ್ತ ಒಂದು ಸುತ್ತು ಹಾಕಲು 13 ಸೆಕೆಂಡ್. ಅದನ್ನು ಎರಡು ಪೈ ಇಂದ ಭಾಗಿಸಿದರೆ 2.1 ಸೆಕೆಂಡ್, ಅದೇ ಕೋಡ್‌ನ ಒಂದು ಕಾಲಮಾನ. ಈ ಅಳತೆಯಲ್ಲಿ 400 ಕಿಲೋಮೀಟರ್ ವೇಗದ ಸೌರ ಮಾರುತ ಅಂದರೆ ಸುಮಾರು 8. ಹರಿವು ಆ ಅಲೆಗಳಿಗಿಂತ ಎಷ್ಟು ಪಟ್ಟು ಜೋರು ಅನ್ನುವ ಈ 8 ಶಾಕ್‌ನ ಆಲ್ಫ್‌ವೆನ್ ಮಾಕ್ ಸಂಖ್ಯೆ. ಕೋಡ್‌ನ ಒಳಗೆ ಎಲ್ಲ ಸಂಖ್ಯೆಗಳೂ ಒಂದರಿಂದ ಹತ್ತರ ಆಸುಪಾಸಿನಲ್ಲೇ ಇರುತ್ತವೆ. ಏನಾದರೂ ಕೆಟ್ಟರೆ ಪ್ರಿಂಟ್ ಮಾಡಿ ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಮೊದಲು ಒಂದೇ ಒಂದು ಪ್ರೋಟಾನ್

ಕಣಗಳನ್ನು ತಳ್ಳುವ ಭಾಗವನ್ನು ಮೊದಲು ಬರೆದು, ಉಳಿದದ್ದನ್ನು ಮುಟ್ಟುವ ಮೊದಲೇ ಪರೀಕ್ಷೆ ಮಾಡಿದೆ. ಬಳಸಿದ್ದು ಬೋರಿಸ್ ವಿಧಾನ, 1970ರದ್ದು, ಈಗಲೂ ಎಲ್ಲರೂ ಬಳಸುವುದು ಅದನ್ನೇ. ವಿದ್ಯುತ್ ಕ್ಷೇತ್ರದ ಅರ್ಧ ತಳ್ಳು, ಕಾಂತಕ್ಷೇತ್ರದಲ್ಲಿ ಒಂದು ತಿರುವು, ಮತ್ತೆ ಅರ್ಧ ತಳ್ಳು. ತಿರುವು ನಿಜವಾದ ತಿರುವೇ ಆಗಿರುವುದರಿಂದ ವೇಗದ ಪ್ರಮಾಣ ಒಂದಿಷ್ಟೂ ಬದಲಾಗುವುದಿಲ್ಲ. ಸುಮ್ನೆ ಹೋಲಿಸಿ ನೋಡೋಣ ಅಂತ ಸಾದಾ ಆಯ್ಲರ್ ವಿಧಾನದಲ್ಲೂ ಓಡಿಸಿದೆ. ಟೈಮ್‌ಸ್ಟೆಪ್ 0.05 ಇಟ್ಟರೆ ಆಯ್ಲರ್‌ನಲ್ಲಿ ಒಂದೇ ಸುತ್ತಿನಲ್ಲಿ ಕಣದ ವೇಗ ಶೇಕಡಾ 17 ಏರಿಬಿಡುತ್ತದೆ. ಬೋರಿಸ್‌ನಲ್ಲಿ ವೇಗ ಅಲ್ಲೇ ನಿಂತಿರುತ್ತದೆ, ಸುತ್ತುವ ಕೋನದಲ್ಲಿ ಮಾತ್ರ ಐದು ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ. ಶಾಕ್‌ನಲ್ಲಿ ಬಿಸಿಯಾಗುವುದನ್ನು ನೋಡಲು ಹೊರಟವರಿಗೆ ಇದು ಸಣ್ಣ ವಿಷಯ ಅಲ್ಲ. ಕೋಡ್ ತಾನೇ ಬಿಸಿ ಮಾಡುತ್ತಾ ಹೋದರೆ ಶಾಕ್ ಮಾಡಿದ ಬಿಸಿ ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಎರಡನೇ ಪರೀಕ್ಷೆ ನನಗೆ ತುಂಬಾ ಇಷ್ಟವಾಗಿದ್ದು. ಕಾಂತಕ್ಷೇತ್ರ ಶಾಕ್‌ನ ಮೇಲ್ಮೈಗೆ ಸಮಾನಾಂತರವಾಗಿದೆ ಎಂದುಕೊಳ್ಳಿ, ಅಂದರೆ ಹರಿವಿಗೆ ಲಂಬ. ಒಂದು ಪ್ರೋಟಾನ್ ವಿ ವೇಗದಲ್ಲಿ ಬಂದು, ಶಾಕ್‌ಗೆ ತಾಗಿ, ಅದೇ ವೇಗದಲ್ಲಿ ಸೂರ್ಯನ ಕಡೆ ವಾಪಸಾಯಿತು. ಸೌರ ಮಾರುತದ ಜೊತೆ ಹೋಗುತ್ತಾ ನೋಡಿದರೆ ಅದರ ವೇಗ ಎರಡು ವಿ. ಅಲ್ಲಿ ಅದು ಕಾಂತಕ್ಷೇತ್ರದ ಸುತ್ತ ತಿರುಗುತ್ತಾ ಹೋಗುತ್ತದೆ, ಅಷ್ಟರಲ್ಲಿ ಇಡೀ ಸೌರ ಮಾರುತ ಅದನ್ನು ಭೂಮಿಯ ಕಡೆ ಒಯ್ಯುತ್ತಿರುತ್ತದೆ. ಎರಡೂ ಸೇರಿಸಿ ಬರೆದರೆ, ತಿರುವಿನ ಕೋನದ ಕೊಸೈನ್ ಅರ್ಧವಾದಾಗ ಕಣ ಸೂರ್ಯನ ಕಡೆ ಹೋಗುವುದನ್ನು ನಿಲ್ಲಿಸುತ್ತದೆ. ಅಂದರೆ 60 ಡಿಗ್ರಿ ತಿರುಗಿದಾಗ. ಅಷ್ಟರಲ್ಲಿ ಅದು ಶಾಕ್‌ನಿಂದ ದೂರ ಹೋಗಿರುವುದು, ವಿ ಯನ್ನು ಸುತ್ತುವ ಆವರ್ತನದಿಂದ ಭಾಗಿಸಿದರೆ ಬರುವ ಉದ್ದದ 0.68 ಪಟ್ಟು. 400 ಕಿಲೋಮೀಟರ್ ವೇಗಕ್ಕೆ ಇದು ಸುಮಾರು 570 ಕಿಲೋಮೀಟರ್, ಹೋಗಲು ಬೇಕಾಗುವುದು 2.2 ಸೆಕೆಂಡ್. ಆಮೇಲೆ ಕಣ ತಿರುಗಿ ಬಂದು, ಹೊರಟ 4 ಸೆಕೆಂಡಿಗೆ ಮತ್ತೆ ಶಾಕ್‌ಗೆ ಬಡಿಯುತ್ತದೆ. ಈ ಸಲ ಅದರ ಶಕ್ತಿ ಮೊದಲಿಗಿಂತ 6.3 ಪಟ್ಟು. 835 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬಂದ ಪ್ರೋಟಾನ್ 5 ಸಾವಿರ ದಾಟಿರುತ್ತದೆ! ಯಾರೂ ಡಿಕ್ಕಿ ಹೊಡೆಯಲಿಲ್ಲ. ಸೌರ ಮಾರುತದ ಜೊತೆಗೇ ಬರುವ ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲಿ ಕಣ ಒಂದಿಷ್ಟು ದೂರ ಸಾಗಿತು, ಅಷ್ಟೇ. ಕಾಗದದ ಮೇಲಿನ 0.68 ಮತ್ತು 6.3 ಎರಡೂ ಕೋಡ್‌ನಲ್ಲಿ ಮೂರು ದಶಮಾಂಶದವರೆಗೆ ಸರಿ ಬಂದವು. ತಳ್ಳುವ ಭಾಗಕ್ಕೆ ಅಲ್ಲಿಂದಾಚೆ ಕೈ ಹಾಕಲಿಲ್ಲ.

ಕಣಗಳಿಂದ ಕ್ಷೇತ್ರ

ಇನ್ನು ಕಣಗಳನ್ನು ಗ್ರಿಡ್ ಮೇಲೆ ಎಣಿಸುವುದು. ಪ್ರತಿ ಕಣವನ್ನು ಅಕ್ಕಪಕ್ಕದ ಎರಡು ಗ್ರಿಡ್ ಬಿಂದುಗಳಿಗೆ ದೂರದ ಲೆಕ್ಕದಲ್ಲಿ ಹಂಚುತ್ತೇವೆ. ಅದರಿಂದ ಸಾಂದ್ರತೆ ಮತ್ತು ಸರಾಸರಿ ವೇಗ ಬರುತ್ತದೆ. ಒಂದು ಸೆಲ್‌ಗೆ 100 ಕಣ ಇಟ್ಟರೆ ಎಣಿಕೆಯಲ್ಲೇ ಶೇಕಡಾ 10ರಷ್ಟು ಗಲಾಟೆ ಇರುತ್ತದೆ. ವಿದ್ಯುತ್ ಕ್ಷೇತ್ರದ ಸೂತ್ರದಲ್ಲಿ ಎಲೆಕ್ಟ್ರಾನ್ ಒತ್ತಡದ ಇಳಿಜಾರನ್ನು ಸಾಂದ್ರತೆಯಿಂದ ಭಾಗಿಸಬೇಕು. ಗಲಾಟೆಯ ಇಳಿಜಾರು ಇನ್ನೂ ದೊಡ್ಡ ಗಲಾಟೆ. ಇದಕ್ಕೆ ಕಾಲು, ಅರ್ಧ, ಕಾಲು ತೂಕದ ಫಿಲ್ಟರ್ ಅನ್ನು ಸಾಂದ್ರತೆಗೂ ವೇಗಕ್ಕೂ ಒಂದೊಂದು ಸಲ ಹಾಕಿದೆ. ಎರಡು ಸಲ ಹಾಕಿದರೆ ಗೆರೆ ಇನ್ನೂ ನುಣ್ಣಗಾಗುತ್ತದೆ, ನಿಜ, ಆದರೆ ಶಾಕ್‌ನ ಕಡಿದಾದ ಭಾಗವೂ ಹರಡಿಕೊಳ್ಳುತ್ತದೆ. ಒಂದೇ ಸಾಕು.

ಇಲ್ಲಿ ನಂಬಾ ಬಳಸುವವರಿಗೆ ಒಂದು ಮಾತು. ಈ ಎಣಿಸುವ ಲೂಪ್‌ಗೆ ಪ್ಯಾರಲಲ್ ಆನ್ ಮಾಡಿದರೆ ಎರಡು ಥ್ರೆಡ್‌ಗಳು ಒಂದೇ ಸೆಲ್‌ಗೆ ಒಟ್ಟಿಗೆ ಕೂಡಲು ಹೋಗುತ್ತವೆ, ಒಂದರ ಎಣಿಕೆ ಕಳೆದುಹೋಗುತ್ತದೆ. ಎರರ್ ಏನೂ ಬರುವುದಿಲ್ಲ. ಇಡೀ ಗ್ರಿಡ್‌ನ ಸಾಂದ್ರತೆ ಕೂಡಿಸಿ, ಕಣಗಳ ಸಂಖ್ಯೆಗೆ ಹೋಲಿಸುವ ಒಂದು ಸಾಲನ್ನು ಕೋಡ್‌ನಲ್ಲಿ ಇಟ್ಟಿದ್ದರಿಂದ ಇದು ಸಿಕ್ಕಿಬಿತ್ತು. ಪ್ರತಿ ರನ್‌ಗೂ ವ್ಯತ್ಯಾಸ ಬೇರೆ ಬೇರೆ ಬರುತ್ತಿತ್ತು, ಅದೇ ಸುಳಿವು. ಥ್ರೆಡ್‌ಗೊಂದು ಪ್ರತ್ಯೇಕ ಅರೇ ಕೊಟ್ಟು ಕೊನೆಗೆ ಕೂಡಿಸಿದರೆ ಸರಿಹೋಗುತ್ತದೆ. ಆ ಹೋಲಿಕೆಯ ಸಾಲು ಈಗಲೂ ಇದೆ, ತೆಗೆಯಬೇಡಿ.

ಸಮಯದ ಲೆಕ್ಕ ಸ್ವಲ್ಪ ತಲೆನೋವಿನದು. ವಿದ್ಯುತ್ ಕ್ಷೇತ್ರಕ್ಕೆ ಕಣಗಳ ವೇಗ ಬೇಕು, ವೇಗಕ್ಕೆ ವಿದ್ಯುತ್ ಕ್ಷೇತ್ರ ಬೇಕು, ಎರಡೂ ಅದೇ ಕ್ಷಣದ್ದು. ನಾನು ಎರಡು ಸುತ್ತಿನ ವಿಧಾನ ಹಿಡಿದೆ. ಮೊದಲು ಅಂದಾಜಿನ ಕ್ಷೇತ್ರದಲ್ಲಿ ಕಣಗಳನ್ನು ತಳ್ಳಿ ನೋಡುವುದು, ಆಮೇಲೆ ತಿದ್ದಿದ ಕ್ಷೇತ್ರದಲ್ಲಿ ನಿಜವಾಗಿ ತಳ್ಳುವುದು. ಕೆಲಸ ಎರಡರಷ್ಟು. ಆದರೆ ಸುಮ್ಮನೆ ನಿಂತ ಪ್ಲಾಸ್ಮಾವನ್ನು ಹಾಗೇ ಬಿಟ್ಟು ಒಟ್ಟು ಶಕ್ತಿ ಅಳೆದರೆ, ಒಂದೇ ಸುತ್ತಿನದು ನಿಧಾನಕ್ಕೆ ಏರುತ್ತಾ ಹೋಗುತ್ತಿತ್ತು, ಎರಡು ಸುತ್ತಿನದು ನಿಂತಲ್ಲೇ ನಿಂತಿತು.

ಗೋಡೆ

ಶಾಕ್ ಹುಟ್ಟಿಸಲು ಭೂಮಿಯನ್ನೇ ಇಡಬೇಕಿಲ್ಲ. ಡಬ್ಬದ ಬಲತುದಿಯಲ್ಲಿ ಒಂದು ಗೋಡೆ ಇಟ್ಟು, ಎಡದಿಂದ ಪ್ಲಾಸ್ಮಾ ಬಿಟ್ಟರೆ ಸಾಕು. ಗೋಡೆಗೆ ತಾಗಿದ ಕಣದ ವೇಗದ ದಿಕ್ಕು ತಿರುಗಿಸಿ ವಾಪಸ್ ಕಳಿಸುತ್ತೇವೆ. ಬರುವ ಪ್ಲಾಸ್ಮಾ, ವಾಪಸಾಗುವ ಪ್ಲಾಸ್ಮಾ ಎರಡೂ ಸೇರಿ ಶಾಕ್ ಎದ್ದು ಎಡಕ್ಕೆ ನಡೆಯುತ್ತದೆ. ಈ ಚೌಕಟ್ಟಿನಲ್ಲಿ ಶಾಕ್‌ನ ಹಿಂದಿನ ಪ್ಲಾಸ್ಮಾ ನಿಂತಿದೆ, ಶಾಕ್ ಓಡುತ್ತಿದೆ. ಹಾಗಾಗಿ ಪ್ಲಾಸ್ಮಾ ಬಿಡುವ ವೇಗ 5 ಇಟ್ಟರೂ ಶಾಕ್ ನೋಡುವ ವೇಗ ಅದಕ್ಕಿಂತ ಜಾಸ್ತಿ, 8ರ ಹತ್ತಿರ. ನನಗೆ ಬೇಕಿದ್ದದ್ದೂ ಅದೇ.

ಎಡತುದಿಯಲ್ಲಿ ಹೊಸ ಕಣ ಬಿಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ಬಿಸಿಯಿರುವ ಪ್ಲಾಸ್ಮಾದಲ್ಲಿ ವೇಗದ ಕಣಗಳು ಗಡಿ ದಾಟುವುದು ಜಾಸ್ತಿ, ನಿಧಾನದವು ಕಮ್ಮಿ. ಸಾದಾ ಮ್ಯಾಕ್ಸ್‌ವೆಲಿಯನ್ ಹಂಚಿಕೆಯಿಂದ (ಬಿಸಿ ಅನಿಲದ ಕಣಗಳಲ್ಲಿ ಯಾವ ವೇಗದವು ಎಷ್ಟು ಎಂದು ಹೇಳುವ ಸೂತ್ರ) ಕಣ ಆರಿಸಿ ಗಡಿಯಲ್ಲಿಟ್ಟರೆ ಅಲ್ಲಿ ಸಾಂದ್ರತೆಯಲ್ಲಿ ಒಂದು ಸಣ್ಣ ಮೆಟ್ಟಿಲು ಉಳಿದುಬಿಡುತ್ತದೆ. ಸುಲಭ ಪರಿಹಾರ ಏನೆಂದರೆ ಗಡಿಯ ಹೊರಗೆ ನಾಲ್ಕು ಸೆಲ್‌ನ ಒಂದು ತೊಟ್ಟಿ. ಪ್ರತಿ ಸ್ಟೆಪ್‌ಗೂ ಅದರಲ್ಲಿ ಹೊಸದಾಗಿ ಕಣ ತುಂಬುವುದು, ಎಲ್ಲವನ್ನೂ ಒಂದು ಸ್ಟೆಪ್ ಓಡಿಸುವುದು, ಗಡಿ ದಾಟಿ ಒಳಗೆ ಬಂದವನ್ನು ಇಟ್ಟುಕೊಳ್ಳುವುದು, ಮಿಕ್ಕಿದ್ದು ಎಸೆಯುವುದು. ಯಾವ ಸೂತ್ರವೂ ಬೇಡ, ಮೆಟ್ಟಿಲೂ ಇಲ್ಲ.

ಗೋಡೆಯ ಪಕ್ಕದ ಜಾಗವನ್ನು ಮಾತ್ರ ನಂಬಬೇಡಿ. ಶಾಕ್ ಪೂರ್ತಿ ಕಟ್ಟಿಕೊಳ್ಳುವ ಮೊದಲು ಬಂದ ಪ್ಲಾಸ್ಮಾ ಅಲ್ಲೇ ಉಳಿದಿರುತ್ತದೆ, ಅದರ ಬಿಸಿ ಬೇರೆ, ಸಾಂದ್ರತೆ ಬೇರೆ. ನಾನು ಗೋಡೆಯಿಂದ 20 ಅಳತೆಯಷ್ಟು ಜಾಗವನ್ನು ಯಾವ ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ.

ಮೊದಲ ಶಾಕ್, ಮತ್ತು 2.8 ಯಾಕೆ

ಡಬ್ಬ 200 ಅಳತೆ, ಸೆಲ್ 0.25, ಟೈಮ್‌ಸ್ಟೆಪ್ 0.01, 60 ಕಾಲಮಾನದವರೆಗೆ ಓಟ. ನಿಜದ ಲೆಕ್ಕದಲ್ಲಿ 20,000 ಕಿಲೋಮೀಟರ್ ಜಾಗದ ಎರಡು ನಿಮಿಷ. ಕಾಂತಕ್ಷೇತ್ರ ಹರಿವಿಗೆ ಲಂಬ, ಪ್ಲಾಸ್ಮಾ ಒತ್ತಡ ಕಾಂತ ಒತ್ತಡದಷ್ಟೇ. ಶಾಕ್ ಎದ್ದಿತು, ಒಂದೇ ಸಮ ಎಡಕ್ಕೆ ನಡೆಯಿತು. ಸಾಂದ್ರತೆ ಹಿಂದುಗಡೆ 2.8 ಪಟ್ಟು ಏರಿ ನಿಂತಿತು.

ಪುಸ್ತಕದ ಸೂತ್ರ ಹಾಕಿದರೆ ಇದಕ್ಕೆ 3.6 ಬರಬೇಕು. ಎಷ್ಟೇ ಜೋರಾದ ಶಾಕ್ ಆದರೂ ಏರಿಕೆ 4ಕ್ಕೆ ನಿಲ್ಲುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ಸೆಲ್ ಸಣ್ಣದು ಮಾಡಿದೆ, ಕಣ ಜಾಸ್ತಿ ಮಾಡಿದೆ, ಫಿಲ್ಟರ್ ತೆಗೆದು ನೋಡಿದೆ. 2.8 ಅಲುಗಲಿಲ್ಲ. ಅಲುಗದ ಸಂಖ್ಯೆಗೆ ಕಾರಣ ಭೌತಶಾಸ್ತ್ರದಲ್ಲೇ ಇರಬೇಕು ಅಲ್ವಾ. ತಾಪಮಾನವನ್ನು ಮೂರು ದಿಕ್ಕಿಗೂ ಬೇರೆ ಬೇರೆಯಾಗಿ ಪ್ರಿಂಟ್ ಮಾಡಿದಾಗ ಎಲ್ಲ ಸ್ಪಷ್ಟವಾಯಿತು. ಕಾಂತಕ್ಷೇತ್ರಕ್ಕೆ ಅಡ್ಡಲಾದ ಎರಡು ದಿಕ್ಕಿನಲ್ಲಿ ಬಿಸಿ ಹತ್ತಾರು ಪಟ್ಟು ಏರಿದೆ. ಕಾಂತಕ್ಷೇತ್ರದ ಉದ್ದಕ್ಕೆ ಶುರುವಿನಲ್ಲಿ ಎಷ್ಟಿತ್ತೋ ಅಷ್ಟೇ! ಒಂದು ಆಯಾಮದ ಗ್ರಿಡ್, ಪೂರ್ತಿ ಲಂಬವಾದ ಕ್ಷೇತ್ರ ಎರಡೂ ಸೇರಿದರೆ ಮೂರನೇ ದಿಕ್ಕಿಗೆ ಶಕ್ತಿ ಹೋಗುವ ದಾರಿಯೇ ಇರುವುದಿಲ್ಲ. ಹಾಗಾಗಿ ಅನಿಲವನ್ನು ಒತ್ತಿದಾಗ ಅದರ ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ಹೇಳುವ ಗಾಮಾ ಸಂಖ್ಯೆ 5/3 ಅಲ್ಲ, 2. ಗಾಮಾ 2 ಆದರೆ ಏರಿಕೆ 3ರ ಮೇಲೆ ಹೋಗುವುದೇ ಸಾಧ್ಯವಿಲ್ಲ. ನಮ್ಮ ಮಾಕ್ ಸಂಖ್ಯೆಗೆ ಲೆಕ್ಕ ಹಾಕಿದರೆ ಸರಿಯಾಗಿ 2.81. ಶಾಕ್ ನಡೆಯುವ ವೇಗ 5ನ್ನು 1.81ರಿಂದ ಭಾಗಿಸಿದಷ್ಟು, 2.76, ಅದೂ ಕೂಡಿಬಂತು. ನಿಜವಾದ ಬೋ ಶಾಕ್‌ನ ಹಿಂದೆ ಈ ಅಡ್ಡ-ಉದ್ದ ವ್ಯತ್ಯಾಸದಿಂದಲೇ ಅಲೆಗಳು ಎದ್ದು ಬಿಸಿಯನ್ನು ಉದ್ದದ ದಿಕ್ಕಿಗೂ ಸ್ವಲ್ಪ ಹಂಚುತ್ತವೆ. ಅದನ್ನು ನೋಡಬೇಕಾದರೆ ಎರಡು ಆಯಾಮ ಬೇಕು.

ಇನ್ನು ಶಾಕ್‌ನ ಆಕಾರ. ಒಂದು ಕ್ಷಣದ ಚಿತ್ರ ತೆಗೆದು, ಅಡ್ಡಕ್ಕೆ ಜಾಗ, ಮೇಲಕ್ಕೆ ಕಣದ ವೇಗ ಹಾಕಿದೆ. ಎಡದಿಂದ ಸೌರ ಮಾರುತ ಒಂದು ತೆಳು ಪಟ್ಟಿಯಾಗಿ ಬರುತ್ತದೆ. ಶಾಕ್‌ಗೆ ಐದು ಅಳತೆ ಮುಂಚೆಯೇ ಆ ಪಟ್ಟಿ ಬಾಗಲು ಶುರುಮಾಡುತ್ತದೆ, ಅದೇ ಜಾಗದಲ್ಲಿ ಕೆಳಗೆ ಎರಡನೇ ಪಟ್ಟಿ ಕಾಣುತ್ತದೆ, ಉಲ್ಟಾ ದಿಕ್ಕಿಗೆ ಹೋಗುತ್ತಿರುವ ಕಣಗಳದ್ದು. ಆ ಪಟ್ಟಿ ಎಡಕ್ಕೆ ಹೋಗುತ್ತಾ ಮೇಲೇರಿ, ಸುತ್ತಿಕೊಂಡು, ಸೌರ ಮಾರುತದ ಪಟ್ಟಿಗಿಂತಲೂ ಮೇಲಿನಿಂದ ಬಲಕ್ಕೆ ವಾಪಸ್ ಬರುತ್ತದೆ. ಅದರ ಎಡತುದಿ ರ‍್ಯಾಂಪ್‌ನಿಂದ 5.3 ಅಳತೆ ದೂರ. 7.8 ಮಾಕ್ ಸಂಖ್ಯೆಯನ್ನು 0.68ರಿಂದ ಗುಣಿಸಿ ನೋಡಿ. ಒಂಟಿ ಪ್ರೋಟಾನ್‌ನ 60 ಡಿಗ್ರಿ ಲೆಕ್ಕ ಇಲ್ಲಿ ಸಾವಿರಾರು ಕಣಗಳಲ್ಲಿ ತಾನಾಗಿಯೇ ಎದ್ದು ಬಂದಿತ್ತು. ಈ ಚಿತ್ರ ಪರದೆಯ ಮೇಲೆ ಬಂದಾಗ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ವಾಪಸಾಗುವುದು ಐದರಲ್ಲಿ ಒಂದು ಪಾಲು ಕಣ ಮಾತ್ರ. ಅಷ್ಟಕ್ಕೇ ಅಲ್ಲಿ ಸಾಂದ್ರತೆ, ಕಾಂತಕ್ಷೇತ್ರ ಎರಡೂ ಮೆಲ್ಲಗೆ ಏರುತ್ತವೆ, ಅದಕ್ಕೆ ಫುಟ್ ಅನ್ನುತ್ತಾರೆ. ಆಮೇಲೆ ರ‍್ಯಾಂಪ್. ಅದರ ಹಿಂದೆ ಕಾಂತಕ್ಷೇತ್ರ 2.8ಕ್ಕೆ ನಿಲ್ಲದೆ 5ರ ಮೇಲಕ್ಕೂ ನೆಗೆದು ಇಳಿಯುತ್ತದೆ, ಅದು ಓವರ್‌ಶೂಟ್. ಮಾಕ್ ಸಂಖ್ಯೆ ಸುಮಾರು 2.7ಕ್ಕಿಂತ ಕಮ್ಮಿ ಇದ್ದರೆ ಕಣ ವಾಪಸ್ ಕಳಿಸುವ ಅಗತ್ಯ ಶಾಕ್‌ಗೆ ಇರುವುದಿಲ್ಲ. ಎಲೆಕ್ಟ್ರಾನ್‌ಗಳ ಕಡೆಯ ಪ್ರತಿರೋಧವೇ ಬೇಕಾದಷ್ಟು ಬಿಸಿ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಅದು ಸಾಲುವುದಿಲ್ಲ. ಆಗ ಬಂದ ಶಕ್ತಿಯನ್ನು ಖರ್ಚು ಮಾಡಲು ಇರುವ ದಾರಿ ಒಂದು ಪಾಲು ಅಯಾನ್‌ಗಳನ್ನು ಹೊರಗೆ ಕಳಿಸಿ, ಸುತ್ತಿಸಿ, ಬೇರೆ ವೇಗದಲ್ಲಿ ಒಳಗೆ ತರುವುದು. ಪಕ್ಕಪಕ್ಕದಲ್ಲಿ ಬೇರೆ ಬೇರೆ ವೇಗದ ಕಣಗಳು ಇರುವುದಕ್ಕೇ ಬಿಸಿ ಅನ್ನುವುದು ತಾನೆ. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದು ಕಾಣದ ಕೋಡ್‌ನಲ್ಲಿ ಬೋ ಶಾಕ್ ನೋಡಿದರೆ ಅರ್ಧ ನೋಡಿದ ಹಾಗೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ಷೇತ್ರ ಓರೆ ಮಾಡಿದಾಗ

ಹರಿವಿಗೂ ಕಾಂತಕ್ಷೇತ್ರಕ್ಕೂ ನಡುವಿನ ಕೋನವನ್ನು 90 ಡಿಗ್ರಿಯಿಂದ 30ಕ್ಕೆ ಇಳಿಸಿದ ಕೂಡಲೇ ಕೋಡ್ ಸಿಡಿಯಿತು. ಕೆಲವೇ ಸ್ಟೆಪ್‌ಗಳಲ್ಲಿ ಕಾಂತಕ್ಷೇತ್ರದಲ್ಲಿ ಸೆಲ್ ಬಿಟ್ಟು ಸೆಲ್ ಗರಗಸದ ಹಲ್ಲಿನ ಹಾಗೆ ಏರಿಳಿತ, ಆಮೇಲೆ ನ್ಯಾನ್ (NaN), ಅಂದರೆ ಸಂಖ್ಯೆಯೇ ಅಲ್ಲದ ಉತ್ತರ. ಕಾರಣ ವಿಸ್ಲರ್ ಅಲೆಗಳು. ಪೂರ್ತಿ ಲಂಬವಾಗಿದ್ದಾಗ ವಿದ್ಯುತ್ ಕ್ಷೇತ್ರದ ಸೂತ್ರದಲ್ಲಿರುವ ಹಾಲ್ ಪದದಿಂದ ಬರುವ ಈ ಅಲೆ ಸೂತ್ರದಲ್ಲೇ ಮಾಯವಾಗಿರುತ್ತದೆ. ಓರೆ ಮಾಡಿದರೆ ಬರುತ್ತದೆ. ಇದರ ಗುಣವೇ ಅಂಥದ್ದು, ಅಲೆ ಸಣ್ಣದಾದಷ್ಟೂ ಜೋರಾಗಿ ಓಡುತ್ತದೆ. ಹಾಗಾಗಿ ಸೆಲ್ ಅರ್ಧ ಮಾಡಿದರೆ ಟೈಮ್‌ಸ್ಟೆಪ್ ಕಾಲು ಭಾಗ ಆಗಬೇಕು. ಸಾಂದ್ರತೆ ಕಮ್ಮಿ ಇರುವ ಜಾಗದಲ್ಲಿ ಇನ್ನೂ ಕೆಟ್ಟದ್ದು.

ಎಲ್ಲ ಕಣಗಳನ್ನೂ ಅಷ್ಟು ಸಣ್ಣ ಸ್ಟೆಪ್‌ನಲ್ಲಿ ತಳ್ಳುವುದು ದಂಡ. ಕಣಗಳಿಗೆ 0.01 ಹಾಗೇ ಇಟ್ಟು, ಅದರೊಳಗೆ ಕಾಂತಕ್ಷೇತ್ರವನ್ನು ಮಾತ್ರ ಹತ್ತು ಸಣ್ಣ ಹೆಜ್ಜೆಗಳಲ್ಲಿ ಮುಂದೆ ತಂದೆ. ಗ್ರಿಡ್ ಕೆಲಸ ಕಣಗಳ ಕೆಲಸದ ಮುಂದೆ ಏನೂ ಅಲ್ಲ, ಸಮಯ ಅಷ್ಟಾಗಿ ಏರಲಿಲ್ಲ. ಸಾಂದ್ರತೆಗೆ 0.05ರ ಒಂದು ತಳಮಿತಿ ಇಟ್ಟೆ, ಅದಕ್ಕಿಂತ ಕೆಳಗೆ ಭಾಗಾಕಾರಕ್ಕೆ ಬಿಡುವುದಿಲ್ಲ. ಆ ಮಿತಿ ಎಷ್ಟು ಸಲ ಬಳಕೆಯಾಯಿತು ಅಂತ ಲಾಗ್‌ನಲ್ಲಿ ಬರೆಸುತ್ತೇನೆ. ಪದೇ ಪದೇ ಬಳಕೆಯಾಗುತ್ತಿದ್ದರೆ ಆ ರನ್ ಎಸೆಯುವುದೇ ವಾಸಿ.

30 ಡಿಗ್ರಿಯ ಶಾಕ್ ಬೇರೆಯದೇ ಲೋಕ. ಇಲ್ಲಿ ವಾಪಸಾದ ಅಯಾನ್‌ಗಳು ಸುತ್ತಿಕೊಂಡು ಬರುವುದಿಲ್ಲ, ಕಾಂತಕ್ಷೇತ್ರದ ಗೆರೆ ಹಿಡಿದು ಸೂರ್ಯನ ಕಡೆಗೆ ದೂರ ದೂರ ಹೋಗುತ್ತವೆ. 200 ಅಳತೆಯ ಡಬ್ಬದಲ್ಲಿ ಏನೂ ಕಾಣುವುದಿಲ್ಲ. 800ಕ್ಕೆ ಏರಿಸಿ, 200 ಕಾಲಮಾನ ಓಡಿಸಬೇಕಾಯಿತು. ಮೊದಮೊದಲು ಶಾಕ್ ಸಪ್ಪೆಯಾಗಿರುತ್ತದೆ. ಹೋದ ಕಣಗಳು ಎದುರು ಬರುವ ಸೌರ ಮಾರುತದ ಮಧ್ಯೆ ನುಗ್ಗುತ್ತಾ ಅಲೆಗಳನ್ನು ಎಬ್ಬಿಸುತ್ತವೆ. ಆ ಅಲೆಗಳು ಪ್ಲಾಸ್ಮಾದ ಒಳಗೆ ಸೂರ್ಯನ ಕಡೆ ಹೋಗಲು ನೋಡಿದರೂ ಸೌರ ಮಾರುತದ ವೇಗವೇ ಜಾಸ್ತಿ, ಅವನ್ನೂ ಎಳೆದುಕೊಂಡು ಶಾಕ್‌ಗೆ ತರುತ್ತದೆ. ದಾರಿಯಲ್ಲಿ ಅಲೆ ಬೆಳೆದು, ಕಡಿದಾಗಿ, ಕಾಂತಕ್ಷೇತ್ರ ಎರಡು ಮೂರು ಪಟ್ಟು ಏರಿದ ಗುಡ್ಡೆಯಾಗಿ ಬಂದು ಹಳೇ ಶಾಕ್‌ನ ಮುಂದೆ ಹೊಸ ಶಾಕ್ ಆಗಿ ನಿಲ್ಲುತ್ತದೆ. ಶಾಕ್ ಇರುವ ಜಾಗ ಇದೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಭೂಮಿಯ ಮುಂದೆ ಈ ಎರಡೂ ಬಗೆಯ ಶಾಕ್ ಒಟ್ಟಿಗೇ ಇರುತ್ತವೆ. ಸೂರ್ಯನ ಕಾಂತಕ್ಷೇತ್ರದ ಗೆರೆಗಳು ಸುರುಳಿಯಾಗಿ ಬರುವುದರಿಂದ ಇಲ್ಲಿಗೆ ತಲುಪುವಾಗ ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿರುತ್ತವೆ. ಬಾಗಿದ ಬೋ ಶಾಕ್‌ನ ಬೆಳಗಿನ ಬದಿಗೆ ಅವು ಹೆಚ್ಚುಕಡಿಮೆ ನೇರ ಚುಚ್ಚುತ್ತವೆ, ಸಂಜೆಯ ಬದಿಯಲ್ಲಿ ಸವರಿಕೊಂಡು ಹೋಗುತ್ತವೆ. ಸುಮಾರು 30 ಸೆಕೆಂಡಿನ ಅಲೆಗಳಿಂದ ತುಂಬಿದ ಫೋರ್‌ಶಾಕ್, ಅಂದರೆ ಶಾಕ್‌ನ ಮುಂದಿನ ಜಾಗ, ಹೆಚ್ಚಾಗಿ ಬೆಳಗಿನ ಬದಿಯಲ್ಲೇ ಇರುವುದು ಅದಕ್ಕೇ.

ನಿಜವಾದ ಅಳತೆಯ ಪಕ್ಕದಲ್ಲಿ

ಹೋಲಿಸಲು ನಾಸಾದ ಎಂಎಂಎಸ್ ನೌಕೆಗಳ ಡೇಟಾ ತೆಗೆದುಕೊಂಡೆ. 2015ರ ಮಾರ್ಚ್‌ನಲ್ಲಿ ಹಾರಿದ ನಾಲ್ಕು ನೌಕೆಗಳು, ಡೇಟಾ ಎಲ್ಲರಿಗೂ ಮುಕ್ತ. ಅತಿ ವೇಗವಾಗಿ ಅಳೆಯುವ ಬರ್ಸ್ಟ್ ಮೋಡ್‌ನಲ್ಲಿ ಅಯಾನ್‌ಗಳ ವೇಗದ ಪೂರ್ತಿ ಹಂಚಿಕೆ 150 ಮಿಲಿಸೆಕೆಂಡಿಗೊಮ್ಮೆ ಸಿಗುತ್ತದೆ. ಶಾಕ್ ತಾನೇ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಹಿಂದೆ ಮುಂದೆ ಆಡುತ್ತಿರುತ್ತದೆ. 30 ಕಿಲೋಮೀಟರ್ ಎಂದುಕೊಂಡರೆ 530 ಕಿಲೋಮೀಟರಿನ ಫುಟ್ ನೌಕೆಯ ಮೇಲೆ ಹಾದುಹೋಗಲು ಸುಮಾರು 18 ಸೆಕೆಂಡ್, ಅಂದರೆ ನೂರಕ್ಕೂ ಜಾಸ್ತಿ ಹಂಚಿಕೆಗಳು. ಲಂಬಕ್ಕೆ ಹತ್ತಿರದ ಒಂದು ದಾಟುವಿಕೆಯನ್ನು ಆರಿಸಿ ಅಡ್ಡಕ್ಕೆ ಸಮಯ, ಮೇಲಕ್ಕೆ ವೇಗ ಹಾಕಿದರೆ ಅದೇ ಸುತ್ತಿಕೊಂಡ ಎರಡನೇ ಪಟ್ಟಿ ಕಾಣುತ್ತದೆ. ನನ್ನದರಲ್ಲಿ ಅದು ತೆಳು, ಅಲ್ಲಿ ದಪ್ಪ.

ಒಂದು ಎಚ್ಚರಿಕೆ. ಎಂಎಂಎಸ್‌ನ ಅಯಾನ್ ಉಪಕರಣ ಮಾಡಿದ್ದು ಕಾಂತಗೋಳದ ಒಳಗಿನ ಬಿಸಿ ಪ್ಲಾಸ್ಮಾಗೆ. ಸೌರ ಮಾರುತದ ಕಿರಿದಾದ ತಣ್ಣನೆಯ ಹರಿವು ಅದರ ಕೋನದ ಮನೆಗಳಿಗಿಂತ ಸಣ್ಣದು, ಹಾಗಾಗಿ ಅದರಲ್ಲಿ ಸೌರ ಮಾರುತ ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಕೋಡ್‌ಗೆ ಕೊಡುವ ಶುರುವಿನ ತಾಪಮಾನವನ್ನು ಅಲ್ಲಿಂದ ತೆಗೆದುಕೊಳ್ಳಬಾರದು. ಭೂಮಿ-ಸೂರ್ಯರ ನಡುವಿನ ಎಲ್1 ಬಿಂದುವಿನಲ್ಲಿರುವ ವಿಂಡ್, ಏಸ್ ನೌಕೆಗಳ ಅಳತೆ ಬಳಸಿ. ಈಗ ಅಲ್ಲಿ ನಮ್ಮ ಆದಿತ್ಯ-ಎಲ್1 ಕೂಡ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅದರ ಆಸ್ಪೆಕ್ಸ್ ಉಪಕರಣದಲ್ಲಿರುವ ಸ್ವಿಸ್ (SWIS) ಅನ್ನುವ ಭಾಗ ಸೌರ ಮಾರುತದ ಪ್ರೋಟಾನ್ ಮತ್ತು ಆಲ್ಫಾ ಕಣಗಳನ್ನು (ಹೀಲಿಯಂ ನ್ಯೂಕ್ಲಿಯಸ್‌ಗಳು) ಅಳೆಯುತ್ತದೆ, ಅದನ್ನು ಮಾಡಿದ್ದು ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ (ಪಿಆರ್‌ಎಲ್). ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದ ಮೂಲಕ ಡೇಟಾ ಹಂಚುತ್ತಾರೆ. ಎಲ್1 ಇರುವುದು 15 ಲಕ್ಷ ಕಿಲೋಮೀಟರ್ ಆಚೆ, ಅಲ್ಲಿ ಅಳೆದ ಗಾಳಿ ಇಲ್ಲಿಗೆ ಬರಲು ಒಂದು ಗಂಟೆಯ ಮೇಲೆ ಬೇಕು. ಆ ತಡವನ್ನು ಆ ಹೊತ್ತಿನ ವೇಗದಿಂದ ಲೆಕ್ಕ ಹಾಕಿ ಸರಿಸಿಕೊಳ್ಳಬೇಕು.

ಈಗ ಸೇರಿಸಿರುವುದು ಆಲ್ಫಾ ಕಣಗಳನ್ನು, ಎಣಿಕೆಯಲ್ಲಿ ಶೇಕಡಾ 4. ಕೋಡ್‌ನಲ್ಲಿ ಬದಲಾವಣೆ ಸಣ್ಣದು, ಪ್ರತಿ ಕಣಕ್ಕೂ ಚಾರ್ಜ್ ಮತ್ತು ತೂಕದ ಅನುಪಾತ ಅನ್ನುವ ಒಂದು ಸಂಖ್ಯೆ ಜಾಸ್ತಿ. ಪರಿಣಾಮ ಸಣ್ಣದಲ್ಲ. ಆಲ್ಫಾದ ಚಾರ್ಜ್ ಎರಡರಷ್ಟು, ಆದರೆ ಅದೇ ವೇಗದಲ್ಲಿ ಬರುವಾಗ ಅದರ ಶಕ್ತಿ ನಾಲ್ಕರಷ್ಟು. ಶಾಕ್‌ನ ವಿದ್ಯುತ್ ವಿಭವ ಪ್ರೋಟಾನ್‌ನಿಂದ ಎಷ್ಟು ಪಾಲು ಶಕ್ತಿ ಕಿತ್ತುಕೊಳ್ಳುತ್ತದೋ ಅದರ ಅರ್ಧ ಪಾಲನ್ನು ಮಾತ್ರ ಆಲ್ಫಾದಿಂದ ಕಿತ್ತುಕೊಳ್ಳುತ್ತದೆ. ಹಾಗಾಗಿ ಆಲ್ಫಾ ಕಣಗಳು ರ‍್ಯಾಂಪ್ ದಾಟಿ, ಸುತ್ತಲಿನ ಪ್ರೋಟಾನ್‌ಗಳಿಗಿಂತ ಜೋರಾಗಿ ಒಳಗೆ ನುಗ್ಗಿ, ಅಲ್ಲಿ ಒಟ್ಟಾಗಿ ಸುತ್ತು ಹಾಕಲು ಶುರುಮಾಡುತ್ತವೆ. ಅವುಗಳ ಸುತ್ತಿನ ಅವಧಿ ಪ್ರೋಟಾನ್‌ನದರ ಎರಡರಷ್ಟು. ಲಂಬ ಶಾಕ್‌ನ ಹೊಸ ರನ್‌ನಲ್ಲಿ ಓವರ್‌ಶೂಟ್ ಮುಗಿದು ಪ್ರೋಟಾನ್‌ಗಳ ಗೆರೆ ಸಮವಾದ ಮೇಲೂ ಆಲ್ಫಾ ಸಾಂದ್ರತೆಯ ಏರಿಳಿತ ಗೋಡೆಯ ಕಡೆಗೆ ಹತ್ತಾರು ಅಳತೆ ದೂರ ಮುಂದುವರಿಯುತ್ತಿದೆ.